ಒಡ್ಡಿನ ಕಂಟಿ ಕತ್ತರಿಸಲು ಎಂಥ ಹೈಡ್ರಾಲಿಕ್ ಮೋಟಾರು?

(ತುಂಗಭದ್ರಾ ಕಾಲುವೆ ಬಯಲಿನ ಒಂದು ಊರಿನಲ್ಲಿ ಸೇರಿದ್ದ ರೈತರ ಕೂಟದಲ್ಲಿ ಮಾಡಿದ ಭಾಷಣ)



ಕಾಲುವೆಗೆ ನೀರು ಬಿಡುವ ಮೊದಲು ನಾವೆಲ್ಲರೂ ಮಾಡಲೇಬೇಕಾದ ಕೆಲಸ ಯಾವುದೆಂದರೆ ಒಡ್ಡು ಹಸನು ಮಾಡುವುದು. ಆಳೆತ್ತರದ ಹುಲ್ಲು, ಅದರ ನಡುವೆ ಬಳ್ಳಾರಿ ಜಾಲಿಯ ಚಿಗುರು. ಕುಡುಗೋಲು ಹಿಡಿದು ಬಗ್ಗಿದವನಿಗೆ ಸಂಜೆಗೆ ಸೊಂಟ ಇಲ್ಲ, ಕೈಯಲ್ಲಿ ಮುಳ್ಳು ಮುರಿಯದ ಜಾಗ ಇಲ್ಲ. ಕೂಲಿ ಆಳು ಈ ಕೆಲಸಕ್ಕೆ ಬರಲು ಒಪ್ಪುವುದೇ ಕಷ್ಟ. ಹೀಗಿರುವಾಗ, ಮನೆಯ ಮುಂದೆ ನಿಂತಿರುವ ಟ್ರ್ಯಾಕ್ಟರಿಗೆ ಪಕ್ಕದಲ್ಲಿ ಒಂದು ಅಲಗು ಕಟ್ಟಿ, ಕುಳಿತ ಕಡೆಯಿಂದಲೇ ಒಡ್ಡು ಸವರಿಬಿಟ್ಟರೆ ಹೇಗೆ ಎಂಬ ಯೋಚನೆ ನಿಮಗೆ ಬಂದದ್ದು ತಪ್ಪಲ್ಲ. ನನಗೂ ಬಂದಿತ್ತು. ನಿಮ್ಮಲ್ಲಿ ಮೂವರು ನನ್ನ ವೆಲ್ಡಿಂಗ್ ಶೆಡ್ಡಿಗೆ ಬಂದು, “ಅಣ್ಣಾ, ಅಲಗು ನಾವು ಮಾಡಿಕೊಳ್ಳುತ್ತೇವೆ. ಅದನ್ನು ತಿರುಗಿಸುವ ಎಣ್ಣೆ ಮೋಟಾರು ಯಾವುದು ತರೋಣ, ಅಷ್ಟು ಹೇಳು” ಎಂದು ಕೇಳಿದಿರಿ. ಆಗ ನಾನು ಉತ್ತರ ಹೇಳದೆ ಕಳುಹಿಸಿದೆ. ಅದಕ್ಕೆ ಕಾರಣವಿತ್ತು. ಆ ಉತ್ತರ ಒಂದು ಮಾತಿನದಲ್ಲ. ನಾನು ಅದನ್ನು ಕಲಿತ ಬಗೆಯೂ ಒಳ್ಳೆಯದಲ್ಲ. ಎರಡನ್ನೂ ಈ ಹೊತ್ತು ನಿಮ್ಮೆಲ್ಲರ ಮುಂದೆ ಇಡುತ್ತೇನೆ.

ಮೊದಲು ಒಂದು ಪ್ರಶ್ನೆ. ಈ ಕೆಲಸಕ್ಕೆ ಎಣ್ಣೆ ಮೋಟಾರೇ ಏಕೆ ಬೇಕು? ಟ್ರ್ಯಾಕ್ಟರಿನ ಹಿಂದೆ ಪಿ.ಟಿ.ಒ. ಶಾಫ್ಟು ಇದೆಯಲ್ಲ? ಇದೆ. ಆದರೆ ಅದು ನೆಟ್ಟಗೆ ಹಿಂದಕ್ಕೆ ಚಾಚಿಕೊಂಡಿದೆ. ನಮ್ಮ ಒಡ್ಡು ಇರುವುದು ಪಕ್ಕದಲ್ಲಿ, ಅದೂ ಇಳಿಜಾರಾಗಿ. ಅಲಗನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಓರೆ ಮಾಡುತ್ತ ಹೋಗಬೇಕು. ಅಲ್ಲಿಗೆ ಬೆಲ್ಟು ಕಟ್ಟಿ ಶಕ್ತಿ ಒಯ್ಯುವುದು ತೊಡಕು. ರಬ್ಬರು ಹೋಸಾದರೆ ಹಾವಿನ ಹಾಗೆ ಎತ್ತ ಬೇಕಾದರೂ ಬಾಗುತ್ತದೆ. ಎಣ್ಣೆ ಅದರೊಳಗೆ ಹೋಗಿ ಮೋಟಾರನ್ನು ತಿರುಗಿಸಿ ಮರಳಿ ಬರುತ್ತದೆ. ಎಣ್ಣೆ ಮೋಟಾರಿನ ಹೆಚ್ಚುಗಾರಿಕೆ ಇರುವುದು ಇಷ್ಟರಲ್ಲಿಯೇ. ಮನೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೂ ಇದನ್ನೇ ಹಾಕುತ್ತೇನೆ ಎನ್ನುವವರಿಗೆ ನಾನು ಬೇಡ ಎನ್ನುತ್ತೇನೆ. ಒಂದೇ ಕಡೆ ನಿಲ್ಲುವ ಯಂತ್ರಕ್ಕೆ ಕರೆಂಟಿನ ಮೋಟಾರು ಸಾಕು. ಎರಡು ಅಶ್ವಶಕ್ತಿಯ ಕೆಲಸಕ್ಕೆ ನಲವತ್ತೈದು ಅಶ್ವಶಕ್ತಿಯ ಎಂಜಿನ್ನನ್ನು ಗುಡುಗಿಸುತ್ತ ಡೀಸೆಲ್ ಸುಡುವುದು ಜಾಣತನವಲ್ಲ.

ಈಗ ನನ್ನ ಮೊದಲನೆಯ ಯಂತ್ರದ ಕಥೆ. ಗುಜರಿ ಅಂಗಡಿಯಲ್ಲಿ ಅಂಗೈಯಗಲದ ಒಂದು ಗೇರಿನ ಮೋಟಾರು ಸಿಕ್ಕಿತು. ಹಳೆಯ ಲೋಡರಿನದು ಎಂದ ಅಂಗಡಿಯವನು. ತೂಕದ ಲೆಕ್ಕದಲ್ಲಿ ಕೊಟ್ಟ, ಅಗ್ಗವಾಯಿತೆಂದು ಹಿಗ್ಗಿದೆ. ಎರಡು ಅಡಿ ಅಡ್ಡಳತೆಯ ಉಕ್ಕಿನ ತಟ್ಟೆಗೆ ಎರಡು ಅಲಗು ಬೋಲ್ಟು ಮಾಡಿ, ಆ ತಟ್ಟೆಯನ್ನು ನೇರವಾಗಿ ಮೋಟಾರಿನ ಶಾಫ್ಟಿಗೇ ಸಿಕ್ಕಿಸಿದೆ. ಟ್ರೇಲರು ಎತ್ತುವ ಎಣ್ಣೆ ದಾರಿಗೆ ಹಳೆಯ ಹೋಸು ಜೋಡಿಸಿದೆ. ತಿರುಗಿತು. ಭರ್ರೆಂದು ತಿರುಗಿತು. ಊರಿನ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಅರ್ಧ ಗಂಟೆಯಲ್ಲಿ ಶಾಫ್ಟಿನ ಸೀಲು ಹಾರಿ ಎಣ್ಣೆ ಚಿಮ್ಮಿತು. ಮತ್ತೊಂದು ಸೀಲು ಹಾಕಿದೆ, ಅದೂ ಹಾರಿತು. ಮೂರನೆಯ ದಿನ, ಹೋಸಿನ ಕಟ್ಟಿನ ಬಳಿ ತೇವ ಕಂಡಿತು. ನನ್ನ ಹೆಂಡತಿಯ ತಮ್ಮ ಪಕ್ಕದಲ್ಲಿದ್ದ. “ಭಾವಾ, ಇಲ್ಲಿ ಸೋರುತ್ತಿದೆ ನೋಡು” ಎಂದು ಬೆರಳಿನಿಂದ ಒರೆಸಿದ. ಯಂತ್ರ ನಡೆಯುತ್ತಲೇ ಇತ್ತು. “ಮುಳ್ಳು ಚುಚ್ಚಿದ ಹಾಗಾಯಿತು” ಎಂದ. ನೋಡಿದರೆ ತೋರುಬೆರಳ ತುದಿಯಲ್ಲಿ ಸಾಸಿವೆಯಷ್ಟು ಚುಕ್ಕೆ. ರಕ್ತ ಕೂಡ ಇಲ್ಲ. ಅರಿಶಿನ ಹಚ್ಚಿ ಸುಮ್ಮನಾದೆವು. ರಾತ್ರಿ ಬೆರಳು ಬಾತು ಕಲ್ಲಾಯಿತು. ನಾವು ಆಸ್ಪತ್ರೆಗೆ ಹೋದದ್ದು ಮರುದಿನ ಮಧ್ಯಾಹ್ನ. ಬೆರಳು ಉಳಿಯಲಿಲ್ಲ.

ಆ ಚುಕ್ಕೆಯಿಂದ ಒಳಗೆ ಹೋದದ್ದು ಮುಳ್ಳಲ್ಲ, ಎಣ್ಣೆ. ಹೋಸಿನಲ್ಲಿ ಸೂಜಿಯ ಮೊನೆಯಷ್ಟು ತೂತಾದರೂ ಅದರಿಂದ ಹೊರಡುವ ಎಣ್ಣೆಯ ಎಳೆ ಕಣ್ಣಿಗೆ ಕಾಣುವುದಿಲ್ಲ, ಚರ್ಮವನ್ನು ಮಾತ್ರ ಸೀಳಿಕೊಂಡು ಹೋಗುತ್ತದೆ. ಕೈಗವಸು ಅದನ್ನು ತಡೆಯಲಾರದು. ಒಳಗೆ ಹೋದ ಎಣ್ಣೆ ಮಾಂಸವನ್ನು ಕೊಳೆಸುತ್ತದೆ. ಇದಕ್ಕೆ ಮದ್ದು ಎಂದರೆ ತಡಮಾಡದೆ ಕೊಯ್ದು ತೊಳೆಯುವುದು. ಇಲ್ಲಿ ಗಂಟೆ ಗಂಟೆಗೂ ಬೆಲೆಯಿದೆ. ಆದುದರಿಂದ ಇಂಥದ್ದು ಯಾರಿಗಾದರೂ ಆದರೆ ಗಾಯ ಚಿಕ್ಕದೆಂದು ನೋಡಬೇಡಿ. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಆಗಲೇ ಕರೆದೊಯ್ದು, “ಒತ್ತಡದ ಎಣ್ಣೆ ಒಳಗೆ ನುಗ್ಗಿದೆ” ಎಂದು ಬಿಡಿಸಿ ಹೇಳಿ. ಸೋರಿಕೆ ಹುಡುಕಬೇಕಾದರೆ ರಟ್ಟಿನ ತುಂಡು ಹಿಡಿಯಿರಿ, ಕೈ ಹಿಡಿಯಬೇಡಿ. ಇಷ್ಟು ಮಾತ್ರ ನೆನಪಿಟ್ಟುಕೊಂಡು ಉಳಿದ ನನ್ನ ಮಾತನ್ನೆಲ್ಲ ಮರೆತರೂ ನನಗೆ ಬೇಸರವಿಲ್ಲ.

ಇನ್ನು ಮೋಟಾರಿನ ವಿಚಾರಕ್ಕೆ ಬರೋಣ. ಮೋಟಾರು ತಾನಾಗಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಟ್ರ್ಯಾಕ್ಟರಿನ ಪಂಪು ಕೊಟ್ಟದ್ದನ್ನು ತಿರುಗುವ ಕೆಲಸವಾಗಿ ಬದಲಿಸುತ್ತದೆ, ಅಷ್ಟೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಟ್ರ್ಯಾಕ್ಟರು ಏನು ಕೊಡುತ್ತದೆ ಎಂಬುದನ್ನು ತಿಳಿಯಬೇಕು. ಅದಕ್ಕೆ ಎರಡು ಅಂಕಿ ಬೇಕು. ನಿಮಿಷಕ್ಕೆ ಎಷ್ಟು ಲೀಟರು ಎಣ್ಣೆ ಎಂಬುದು ಒಂದು, ಎಷ್ಟು ಒತ್ತಡದಲ್ಲಿ ಎಂಬುದು ಇನ್ನೊಂದು. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ತೆಗೆದು ಕೋಲಾರದ ಗಣಿಗೆ ಕಳುಹಿಸಿದರಲ್ಲ, ಅಲ್ಲಿಯೂ ಲೆಕ್ಕ ಇದೇ. ಹೊಳೆಯಲ್ಲಿ ನೀರೆಷ್ಟು, ಅದು ಬೀಳುವ ಎತ್ತರವೆಷ್ಟು? ನೀರು ಬಹಳವಿದ್ದು ಎತ್ತರವಿಲ್ಲದಿದ್ದರೆ ಚಕ್ರ ತಿರುಗದು. ಎತ್ತರವಿದ್ದು ನೀರಿಲ್ಲದಿದ್ದರೂ ತಿರುಗದು. ನಮ್ಮಲ್ಲಿ ನೀರಿನ ಬದಲು ಎಣ್ಣೆ, ಎತ್ತರದ ಬದಲು ಒತ್ತಡ.

ಒತ್ತಡವನ್ನು ಬಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು ಒಂದು ಕಿಲೋ ಭಾರ ಕೂತರೆ ಅದು ಒಂದು ಬಾರ್. ಲಾರಿಯ ಗಾಲಿಯಲ್ಲಿರುವುದು ಏಳೆಂಟು ಬಾರ್. ಟ್ರ್ಯಾಕ್ಟರಿನ ಎಣ್ಣೆಯಲ್ಲಿ ಅದು ನೂರೈವತ್ತು ಮುಟ್ಟುತ್ತದೆ, ದಾಟುವುದೂ ಉಂಟು. ಆ ಹುಡುಗನ ಬೆರಳಿಗೆ ಏನಾಯಿತೆಂದು ಇದರಿಂದಲೂ ತಿಳಿದುಕೊಳ್ಳಬಹುದು.

ಈ ಎರಡು ಅಂಕಿ ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತವೆ. ಪುಸ್ತಕ ಇಲಿ ತಿಂದಿದ್ದರೆ ಅಥವಾ ಪಂಪು ಹಳೆಯದಾಗಿದ್ದರೆ ನೀವೇ ಅಳೆಯಬಹುದು. ಹತ್ತು ಲೀಟರಿನ ಗುರುತುಳ್ಳ ಶುಭ್ರವಾದ ಕ್ಯಾನು ತಂದು, ಹೋಸಿನ ಬಾಯಿಯನ್ನು ಅದಕ್ಕೆ ಹಗ್ಗದಿಂದ ಬಿಗಿದು ಕಟ್ಟಿ. ಎಂಜಿನ್ನು ನಿಧಾನವಾಗಿರುವಾಗಲೇ ಲಿವರನ್ನು ಮೆಲ್ಲಗೆ ಬಿಟ್ಟು ನೋಡಿ, ಆಮೇಲೆ ಎಂಜಿನ್ನನ್ನು ಕೆಲಸದ ವೇಗಕ್ಕೆ ತಂದು, ಎಷ್ಟು ಸೆಕೆಂಡಿಗೆ ತುಂಬಿತೆಂದು ಗಡಿಯಾರ ಹಿಡಿದು ನೋಡಿ. ನನ್ನದು ಇಪ್ಪತ್ತು ಸೆಕೆಂಡಿಗೆ ತುಂಬಿತು. ಎಂದರೆ ನಿಮಿಷಕ್ಕೆ 30 ಲೀಟರು. ಹತ್ತು ಲೀಟರಿಗಿಂತ ಹೆಚ್ಚು ಹೊರಗೆ ತೆಗೆಯಬೇಡಿ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರುಪೆಟ್ಟಿಗೆಯ ಎಣ್ಣೆಯೂ ಇದೇ ಎಣ್ಣೆ. ಒತ್ತಡ ನೋಡಲು 250 ಬಾರಿನ ಗೇಜನ್ನು ಹೋಸಿನ ತುದಿಗೆ ತಿರುಪಿ, ಲಿವರನ್ನು ಎರಡು ಮೂರು ಸೆಕೆಂಡು ಮಾತ್ರ ಹಿಡಿದರೆ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಕಾಣುತ್ತದೆ. ನನ್ನದು 150ರಲ್ಲಿ ನಿಂತಿತು.

ಈಗ ಲೀಟರನ್ನೂ ಬಾರನ್ನೂ ಗುಣಿಸಿ 450ರಿಂದ ಭಾಗಿಸಿ. 30ನ್ನು 150ರಿಂದ ಗುಣಿಸಿದರೆ 4,500. ಭಾಗಿಸಿದರೆ 10. ಅಂದರೆ ಎಣ್ಣೆಯಲ್ಲಿ ಬರುವುದು ಹತ್ತು ಅಶ್ವಶಕ್ತಿ. ಮೋಟಾರಿನಲ್ಲಿ ಸೋರಿ, ಉಜ್ಜಿ, ಬಿಸಿಯಾಗಿ ಹೋದದ್ದನ್ನು ಕಳೆದರೆ ಅಲಗಿಗೆ ಸಿಗುವುದು ಏಳೋ ಎಂಟೋ. ಎಂಜಿನ್ನು ನಲವತ್ತೈದು ಅಶ್ವಶಕ್ತಿಯದಾದರೂ ಎಣ್ಣೆಯ ದಾರಿಯಲ್ಲಿ ಬರುವುದು ಇಷ್ಟೇ. ಇದಕ್ಕಿಂತ ಹೆಚ್ಚು ಕೊಡುವ ಮೋಟಾರು ಯಾವ ಅಂಗಡಿಯಲ್ಲಿಯೂ ಇಲ್ಲ.

ಮೋಟಾರಿನ ಅಳತೆಯನ್ನು ಸಿ.ಸಿ. ಎಂದು ಕರೆಯುತ್ತಾರೆ. ಮೋಟಾರು ಸೈಕಲ್ಲಿನ ಸಿ.ಸಿ. ಹಾಗೆ ದೊಡ್ಡದೆಲ್ಲ ಒಳ್ಳೆಯದು ಎಂದು ತಿಳಿಯಬೇಡಿ. ಶಾಫ್ಟು ಒಂದು ಸುತ್ತು ಸುತ್ತಲು ಎಷ್ಟು ಎಣ್ಣೆ ಕುಡಿಯುತ್ತದೆ ಎಂಬುದು ಈ ಲೆಕ್ಕ. 10 ಸಿ.ಸಿ. ಮೋಟಾರಿಗೆ ನಿಮಿಷಕ್ಕೆ 30 ಲೀಟರು ಕೊಟ್ಟರೆ 3,000 ಸುತ್ತು. 50 ಸಿ.ಸಿ.ಗೆ 600 ಸುತ್ತು. 100 ಸಿ.ಸಿ.ಗೆ 300. ಸುತ್ತು ಕಡಿಮೆಯಾದಂತೆ ತಿರುಗಿಸುವ ಬಲ ಹೆಚ್ಚುತ್ತದೆ. ಎತ್ತಿನ ಗಾಣವೂ ರಾಟೆಯೂ ಇದ್ದ ಹಾಗೆ. ಆ ಬಲವನ್ನು ತಿಳಿಯಬೇಕಾದರೆ ಸಿ.ಸಿ.ಯನ್ನು ಬಾರಿನಿಂದ ಗುಣಿಸಿ 628ರಿಂದ ಭಾಗಿಸಿರಿ. 10 ಸಿ.ಸಿ.ಗೆ 150 ಬಾರಿನಲ್ಲಿ ಬರುವುದು ಸುಮಾರು 2.4. ಎಂದರೆ ಶಾಫ್ಟಿಗೆ ಒಂದು ಮೀಟರು ಉದ್ದದ ಕೋಲು ಕಟ್ಟಿ, ಅದರ ತುದಿಯಲ್ಲಿ ಎರಡೂವರೆ ಕಿಲೋಗೆ ಕೊಂಚ ಕಡಿಮೆ ತೂಗು ಹಾಕಿದರೆ ಎತ್ತುವಷ್ಟು. 100 ಸಿ.ಸಿ.ಯಾದರೆ 24 ಕಿಲೋ. ಆದ್ದರಿಂದ ಮೊದಲು ಅಲಗು ಯಾವುದು, ಅದಕ್ಕೆ ಎಷ್ಟು ಸುತ್ತು ಬೇಕು ಎಂದು ತೀರ್ಮಾನಿಸಿ, ಆಮೇಲೆ ಸಿ.ಸಿ. ಹುಡುಕಬೇಕು. ನಾನು ಮಾಡಿದ್ದು ಇದರ ತಿರುವು ಮುರುವು.

ಅಲಗು ಯಾವುದು? ಗರಗರ ತಿರುಗಿ ಬಡಿದು ಕತ್ತರಿಸುವ ತಟ್ಟೆಗೆ ವೇಗವೇ ಜೀವ. ವೇಗವಿಲ್ಲದಿದ್ದರೆ ಹುಲ್ಲು ಬಾಗುತ್ತದೆ, ಕತ್ತರಿಸುವುದಿಲ್ಲ. ಎರಡು ಅಡಿ ತಟ್ಟೆ ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 170 ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಒಂದು ಬೋಲ್ಟು ಸಡಿಲವಾಗಿ ಅಲಗು ಹಾರಿದರೆ ಅದೂ ಅದೇ ವೇಗದಲ್ಲಿ ಹಾರುತ್ತದೆ. ನಮ್ಮ ಒಡ್ಡಿನಲ್ಲಿ ಬೆಣಚುಕಲ್ಲು ಬೇಕಾದಷ್ಟು. ಅಲಗಿಗೆ ಸಿಕ್ಕ ಕಲ್ಲು ಪಕ್ಕದ ಗದ್ದೆಯಲ್ಲಿ ನಾಟಿ ಮಾಡುತ್ತಿರುವ ಹೆಣ್ಣುಮಕ್ಕಳ ಕಡೆಗೆ ಹೋಗುವುದಿಲ್ಲವೆಂದು ಹೇಳುವವರು ಯಾರು? ಕಾರ್ಖಾನೆಯವರು ಇಂಥ ಅಲಗನ್ನು ತೂಕ ಸರಿಹೊಂದಿಸಿ, ದಪ್ಪ ಹೊದಿಕೆಯೊಳಗೆ ಕೂರಿಸುತ್ತಾರೆ. ಮನೆಯಲ್ಲಿ ಅದನ್ನು ಮಾಡಬೇಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನನ್ನ ತಟ್ಟೆಯಿಂದ ಅಲಗು ಹಾರಲಿಲ್ಲ, ಅದು ನನ್ನ ಪುಣ್ಯ. ಈಗ ಆ ತಟ್ಟೆ ಶೆಡ್ಡಿನಲ್ಲಿ ನೀರಿನ ಹಂಡೆಗೆ ಮುಚ್ಚಳವಾಗಿದೆ.

ಇನ್ನೊಂದು ಬಗೆಯ ಅಲಗು ನಮ್ಮ ಕಣ್ಣ ಮುಂದೆಯೇ ಇದೆ. ಭತ್ತ ಕೊಯ್ಯುವ ದೊಡ್ಡ ಯಂತ್ರಗಳು ಸುಗ್ಗಿಯಲ್ಲಿ ನಮ್ಮೂರಿಗೆ ಬರುತ್ತವಲ್ಲ, ಅವುಗಳ ಮುಂಭಾಗದಲ್ಲಿ ತ್ರಿಕೋನದ ಅಲಗುಗಳ ಸಾಲು ಎಡಕ್ಕೂ ಬಲಕ್ಕೂ ಆಡುತ್ತ ಕತ್ತರಿಯ ಹಾಗೆ ಕೆಲಸ ಮಾಡುತ್ತದೆ. ಅದು ಏನನ್ನೂ ಎಸೆಯುವುದಿಲ್ಲ. ಮೂರು ಅಂಗುಲದ ಆ ಅಲಗುಗಳೂ, ಅವು ಆಡುವ ಉಕ್ಕಿನ ಬೆರಳುಗಳೂ ಸಿಂಧನೂರು, ಗಂಗಾವತಿ ಕಡೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಹದಿನಾರು ಅಲಗು ಸಾಲಾಗಿ ರಿವೆಟ್ಟು ಹೊಡೆದರೆ ನಾಲ್ಕು ಅಡಿಯ ಪಟ್ಟಿ ಆಯಿತು. ಹುಲ್ಲಿಗೂ, ಕಿರುಬೆರಳು ದಪ್ಪದ ಹಸಿ ಜಾಲಿ ಚಿಗುರಿಗೂ ಇದು ಸಾಕು. ಅದಕ್ಕಿಂತ ದಪ್ಪನೆಯ ಬೊಡ್ಡೆಗೆ ಕೊಡಲಿಯೇ ಸರಿ. ಜಾಲಿಯನ್ನು ಬೇರು ಸಹಿತ ತೆಗೆಯದಿದ್ದರೆ ಮತ್ತೆ ಚಿಗುರುತ್ತದೆಂಬುದು ನಿಮಗೆ ಗೊತ್ತೇ ಇದೆ. ಚಿಗುರು ಎಳೆಯದಿರುವಾಗಲೇ ಸವರುತ್ತಿದ್ದರೆ ಈ ಪಟ್ಟಿಗೆ ಕಷ್ಟವಾಗುವುದಿಲ್ಲ.

ಈ ಪಟ್ಟಿಯನ್ನು ಆಡಿಸಲು ನಿಮಿಷಕ್ಕೆ ಐನೂರರಿಂದ ಆರುನೂರು ಸುತ್ತು ಸಾಕು. ಈಗ ಲೆಕ್ಕ ತಾನಾಗಿ ಬಾಯಿ ಬಿಡುತ್ತದೆ. 30 ಲೀಟರು ಎಣ್ಣೆ, 50 ಸಿ.ಸಿ. ಮೋಟಾರು, 600 ಸುತ್ತು. ಒಳಗೆ ಸೋರುವುದನ್ನು ಹತ್ತರಲ್ಲಿ ಒಂದು ಪಾಲೆಂದು ಕಳೆದರೆ 540. ನಿಮ್ಮ ಪಂಪು 20 ಲೀಟರಿನದಾದರೆ 32 ಸಿ.ಸಿ. ಮೋಟಾರು ಹೆಚ್ಚುಕಡಿಮೆ ಇದೇ ವೇಗ ಕೊಡುತ್ತದೆ. ನೆರೆಯವನು 50 ತಂದನೆಂದು ನೀವೂ 50 ತಂದರೆ ಅಲಗು ಅಳುತ್ತ ಆಡುತ್ತದೆ.

ಸಿ.ಸಿ. ಗೊತ್ತಾದ ಮೇಲೆ ಜಾತಿ ನೋಡಬೇಕು. ಅಂಗಡಿಯಲ್ಲಿ ಮೂರು ಬಗೆ ತೋರಿಸುತ್ತಾರೆ. ಎರಡು ಗೇರು ಕಚ್ಚಿಕೊಂಡು ತಿರುಗುವುದು ಗೇರ್ ಮೋಟಾರು. ಹಗುರ, ಅಗ್ಗ. ಆದರೆ ಅದು ವೇಗಕ್ಕೆ ಹುಟ್ಟಿದ್ದು, ನಿಮಿಷಕ್ಕೆ ಐನೂರು ಸುತ್ತಿನ ಕೆಲಸಕ್ಕೆ ಹೇಳಿದ್ದಲ್ಲ. ಅದಲ್ಲದೆ ಅದರ ಶಾಫ್ಟು ಪಕ್ಕದ ಎಳೆತವನ್ನು ತಾಳುವುದಿಲ್ಲ. ನಾನು ತಟ್ಟೆಯನ್ನು ಶಾಫ್ಟಿಗೇ ಸಿಕ್ಕಿಸಿದ್ದರಿಂದ ಒಳಗಿನ ಬೇರಿಂಗು ಸವೆದದ್ದು ಆಶ್ಚರ್ಯವಲ್ಲ. (ಪೇಟೆಯಲ್ಲಿ ಬರಿದೆ ‘ಗೇರ್ ಮೋಟಾರು’ ಎಂದರೆ ಕರೆಂಟಿನದನ್ನು ಕೊಟ್ಟುಬಿಡುತ್ತಾರೆ. ಹೈಡ್ರಾಲಿಕ್ ಎಂದು ಸೇರಿಸಿ ಕೇಳಿ.) ಎರಡನೆಯದು ಆರ್ಬಿಟ್ ಮೋಟಾರು. ಅದರೊಳಗೆ ಏಳು ಹಲ್ಲಿನ ಬಳೆಯ ನಡುವೆ ಆರು ಹಲ್ಲಿನ ನಕ್ಷತ್ರವೊಂದು ಹೊರಳುತ್ತ ತಿರುಗುತ್ತದೆ. ನಿಧಾನ ಗತಿ, ಬಲ ಹೆಚ್ಚು, ಶಾಫ್ಟು ದಪ್ಪ, ಬೇರಿಂಗು ಗಟ್ಟಿ. ನಮ್ಮ ಪಟ್ಟಿಗೆ ಇದೇ ತಕ್ಕದ್ದು. ಮೂರನೆಯದು ಪಿಸ್ಟನ್ ಮೋಟಾರು. ಮಣ್ಣು ಅಗೆಯುವ ಭಾರಿ ಯಂತ್ರಗಳದು. ಬಹಳ ಶುದ್ಧವಾದ ಎಣ್ಣೆ ಕೇಳುತ್ತದೆ, ಬಹಳ ದುಡ್ಡನ್ನೂ ಕೇಳುತ್ತದೆ. ನಮಗೆ ಬೇಡ.

ಗುಜರಿಯಿಂದ ತರಬಾರದೆಂದು ನಾನು ಹೇಳುವುದಿಲ್ಲ. ಹೇಳಿದರೆ ನೀವು ಕೇಳುವುದೂ ಇಲ್ಲ. ಆದರೆ ಪರೀಕ್ಷಿಸಿ ತನ್ನಿ. ನನಗೆ ಕೊಟ್ಟದ್ದು ಮೋಟಾರೇ ಆಗಿರಲಿಲ್ಲ, ಪಂಪು! ಮೇಲುನೋಟಕ್ಕೆ ಎರಡೂ ಒಂದೇ. ಪಂಪಿನಲ್ಲಿ ಸಾಮಾನ್ಯವಾಗಿ ಎಣ್ಣೆ ಎಳೆಯುವ ತೂತು ದೊಡ್ಡದು, ತಳ್ಳುವ ತೂತು ಚಿಕ್ಕದು. ಎರಡೂ ಕಡೆ ತಿರುಗುವ ಮೋಟಾರಿನಲ್ಲಿ ಎರಡೂ ತೂತು ಸಮ. ಪಂಪಿನ ಸೀಲು ಒತ್ತಡವಿಲ್ಲದ ಕಡೆಗೆ ತೆರೆದಿರುತ್ತದೆ. ಆ ಕಡೆಯಿಂದ ನಾನು ನೂರೈವತ್ತು ಬಾರು ನುಗ್ಗಿಸಿದ್ದೆ, ಸೀಲು ಹಾರದೆ ಏನು ಮಾಡೀತು? ಮೋಟಾರಿನ ತಗಡು ಅಳಿಸಿ ಹೋಗಿ ಸಿ.ಸಿ. ತಿಳಿಯದಿದ್ದರೆ ಹೀಗೆ ಮಾಡಿ. ಒಂದು ತೂತಿನಿಂದ ಎಣ್ಣೆ ತುಂಬುತ್ತ, ಶಾಫ್ಟನ್ನು ಕೈಯಿಂದ ಸರಿಯಾಗಿ ಹತ್ತು ಸುತ್ತು ತಿರುಗಿಸಿ, ಇನ್ನೊಂದು ತೂತಿನಿಂದ ಹೊರಬಿದ್ದ ಎಣ್ಣೆಯನ್ನು ಅಳೆಯಿರಿ. ಅರ್ಧ ಲೀಟರು ಬಂದರೆ ಅದು 50 ಸಿ.ಸಿ. ಆ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿ. ಹಿತ್ತಾಳೆಯ, ಉಕ್ಕಿನ ಮಿಂಚು ಕಂಡರೆ ಅಲ್ಲೇ ಬಿಟ್ಟು ಬನ್ನಿ. ಶಾಫ್ಟು ಪಕ್ಕಕ್ಕೆ ಲಟಲಟ ಎಂದರೂ ಬಿಟ್ಟು ಬನ್ನಿ.

ಇನ್ನು ಜೋಡಣೆ. ಟ್ರೇಲರು ಎತ್ತುವ ದಾರಿಯಲ್ಲಿ ಒಂದೇ ಹೋಸು ಇರುತ್ತದೆ. ಹೋದ ಎಣ್ಣೆ ಅದೇ ದಾರಿಯಲ್ಲಿ ಮರಳುತ್ತದೆ. ಮೋಟಾರಿಗೆ ಅದು ಸಾಲದು. ಎಣ್ಣೆ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ತಡೆಯಿಲ್ಲದೆ ತೊಟ್ಟಿಗೆ ಹಿಂದಿರುಗಬೇಕು. ಒತ್ತಡದ ಹೋಸು ಅರ್ಧ ಅಂಗುಲದ್ದಾದರೆ ಮರಳುವ ಹೋಸು ಮುಕ್ಕಾಲು ಅಂಗುಲದ್ದಿರಲಿ. ಕಾಲುವೆಯ ಕೊನೆಯಲ್ಲಿ ತೂಬು ಕಿರಿದಾದರೆ ನೀರು ಹಿಂದಕ್ಕೆ ಒತ್ತಿ ಒಡ್ಡು ಒಡೆಯುವುದಿಲ್ಲವೆ, ಹಾಗೆಯೇ ಇಲ್ಲಿ ಸೀಲು ಒಡೆಯುತ್ತದೆ. ಆರ್ಬಿಟ್ ಮೋಟಾರಿನ ಮೈಯಲ್ಲಿ ಮೂರನೆಯ ಸಣ್ಣ ತೂತೊಂದಿರುತ್ತದೆ. ಒಳಗೆ ಸೋರಿದ ಎಣ್ಣೆ ಹೊರಹೋಗುವ ಬಾಗಿಲು ಅದು. ಅದರಿಂದ ಬೇರೆಯೇ ಸಣ್ಣ ಪೈಪನ್ನು ನೇರವಾಗಿ ತೊಟ್ಟಿಗೆ ಬಿಡಿ, ಮರಳುವ ಹೋಸಿಗೆ ಕೂಡಿಸಬೇಡಿ. ಮರಳುವ ದಾರಿಯಲ್ಲಿ ಒಂದು ಸೋಸುಕ ಇರಲೇಬೇಕು. ಮೋಟಾರು ಸವೆದರೆ ಅದರ ಪುಡಿ ಗೇರುಪೆಟ್ಟಿಗೆಗೆ ಹೋದೀತು.

ವಾಲ್ವಿನ ಬಗ್ಗೆ ಅಂಗಡಿಯವನಿಗೆ ಬಿಡಿಸಿ ಹೇಳಿ. ಜ್ಯಾಕಿಗೆ ಹಾಕುವ ವಾಲ್ವು ನಡುವಿಗೆ ಬಂದಾಗ ಎರಡೂ ದಾರಿಯನ್ನು ಮುಚ್ಚಿಬಿಡುತ್ತದೆ. ತಿರುಗುತ್ತಿರುವ ಮೋಟಾರು ಆಗ ತಾನೇ ಪಂಪಾಗಿ, ಹೋಗಲು ದಾರಿಯಿಲ್ಲದ ಎಣ್ಣೆಯನ್ನು ಒತ್ತುತ್ತದೆ. ನನ್ನ ಹಳೆಯ ಹೋಸಿನ ಕಟ್ಟು ಸಡಿಲವಾದದ್ದು ಹೀಗೆಯೇ ಎಂದು ನನ್ನ ನಂಬಿಕೆ. ಭಾರದ ತಟ್ಟೆ ಭರ್ರೆಂದು ತಿರುಗುತ್ತಿರುವಾಗ ನಾನು ಲಿವರನ್ನು ಥಟ್ಟನೆ ಮುಚ್ಚುತ್ತಿದ್ದೆ. ನಡುವಿನಲ್ಲಿ ಎರಡೂ ದಾರಿ ತೊಟ್ಟಿಗೆ ತೆರೆದಿರುವ, ಮೋಟಾರಿನ ವಾಲ್ವೇ ಬೇಕೆಂದು ಕೇಳಿ ತನ್ನಿ.

ಹಾಗೆಯೇ ಒತ್ತಡ ಮಿತಿಯ ವಾಲ್ವು. ಇದನ್ನು ಜನ ಅನವಶ್ಯಕ ಖರ್ಚೆಂದು ಬಿಡುತ್ತಾರೆ. ಆದರೆ ಲೆಕ್ಕ ನೋಡಿ. 50 ಸಿ.ಸಿ. ಮೋಟಾರು 150 ಬಾರಿನಲ್ಲಿ ಕೊಡುವ ಬಲ ಸುಮಾರು 12 ಕಿಲೋ, ಒಂದು ಮೀಟರಿನ ಕೋಲಿನ ತುದಿಯಲ್ಲಿ. ಅಲಗನ್ನು ಆಡಿಸುವ ಕ್ರ್ಯಾಂಕು ಮಾತ್ರ ಒಂದೂವರೆ ಅಂಗುಲ, ಅಂದರೆ 38 ಮಿಲಿಮೀಟರು. ಕೋಲು ಗಿಡ್ಡವಾದಷ್ಟೂ ಒತ್ತು ಹೆಚ್ಚು. ಅಲಗಿನ ಮೇಲೆ ಬೀಳುವುದು ಮುನ್ನೂರು ಕಿಲೋ ದಾಟುತ್ತದೆ. 75 ಕಿಲೋ ತೂಕದ ನಾಲ್ಕು ಭತ್ತದ ಮೂಟೆ! ಅಲಗಿನ ನಡುವೆ ಕಲ್ಲು ಸಿಕ್ಕಿದರೆ ಅಲಗೋ ರಿವೆಟ್ಟೋ ಮುರಿಯಲೇಬೇಕು. ಮಿತಿಯ ವಾಲ್ವನ್ನು 80 ಬಾರಿಗೆ ಇಟ್ಟರೆ ಅದು ಎರಡು ಮೂಟೆಯ ಸುತ್ತಮುತ್ತ ನಿಲ್ಲುತ್ತದೆ. ಚಿಗುರು ಕತ್ತರಿಸಲು ಅಷ್ಟು ಸಾಕು. ಅಲಗು ಸಿಕ್ಕಿಹಾಕಿಕೊಂಡಾಗ ಮೋಟಾರು ಸುಮ್ಮನೆ ನಿಲ್ಲುತ್ತದೆ, ಮುರಿಯುವುದಿಲ್ಲ. ನಿಂತ ಕೂಡಲೇ ನೀವು ಲಿವರು ಬಿಡಬೇಕು. ಬಿಡದಿದ್ದರೆ ಎಣ್ಣೆಯಲ್ಲಿನ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಪೂರ್ತಿ 150 ಬಾರಿನಲ್ಲಿ ಹಾಗೆ ಹಿಡಿದುಕೊಂಡರೆ ನಲವತ್ತು ಲೀಟರು ಎಣ್ಣೆ ನಿಮಿಷಕ್ಕೆ ಆರು ಡಿಗ್ರಿಯಂತೆ ಕಾಯುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಎಣ್ಣೆ ಮೊದಲೇ ಬಿಸಿ. 80 ಡಿಗ್ರಿ ಮೀರಿದರೆ ಎಣ್ಣೆ ನೀರಾಗಿ ಸೀಲುಗಳು ಕೆಡುತ್ತವೆ. ತೊಟ್ಟಿಯ ಹೊರಮೈಗೆ ಕೈಯಿಟ್ಟು ತಾಳಲಾಗದಿದ್ದರೆ ಆಗಲೇ 60ರ ಹತ್ತಿರ ಬಂದಿದೆಯೆಂದು ತಿಳಿದು, ಬೇವಿನ ಮರದ ನೆರಳಿಗೆ ಟ್ರ್ಯಾಕ್ಟರು ನಿಲ್ಲಿಸಿ ನೀವೂ ನೀರು ಕುಡಿಯಿರಿ.

ಮೋಟಾರಿನ ಶಾಫ್ಟಿಗೆ ಕ್ರ್ಯಾಂಕನ್ನು ನೇರವಾಗಿ ಹಾಕಬೇಡಿ. ಆರ್ಬಿಟ್ ಮೋಟಾರು ಗಟ್ಟಿಯೆಂದ ಮಾತ್ರಕ್ಕೆ ಅದರ ಮೇಲೆ ಎಲ್ಲ ಹೊರೆ ಹೇರುವುದು ತರವಲ್ಲ. ಎರಡು ಬೇರಿಂಗಿನ ನಡುವೆ ಕ್ರ್ಯಾಂಕಿಗೆ ತನ್ನದೇ ಶಾಫ್ಟು ಕೊಟ್ಟು, ಅದನ್ನು ರಬ್ಬರಿನ ಕಪ್ಲಿಂಗಿನಿಂದ ಮೋಟಾರಿಗೆ ಸೇರಿಸಿ. ಕ್ರ್ಯಾಂಕಿನ ಎದುರು ಬದಿಗೆ ಅಲಗು ಪಟ್ಟಿಯ ಅರ್ಧದಷ್ಟು ತೂಕದ ಕಬ್ಬಿಣ ಬೆಸೆದರೆ ನಡುಕ ಕಡಿಮೆಯಾಗುತ್ತದೆ. ಟ್ರ್ಯಾಕ್ಟರು ಮನುಷ್ಯ ನಡೆಯುವ ವೇಗಕ್ಕಿಂತ ಮುಂದೆ ಹೋಗಬಾರದು. ಎಂಜಿನ್ನಿನ ಸುತ್ತು ಇಳಿಸದೆ, ಗೇರು ಇಳಿಸಿ ನಡೆಸಿರಿ.

ಒಂದು ಮಾತು ಉಳಿಯಿತು. ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು ಕೊಟ್ಟವರು ನಿಮ್ಮ ನೆಂಟರಲ್ಲೇ ಇದ್ದಾರು. ರಾಶಿ ಯಂತ್ರಗಳಲ್ಲಿ ಕೈ ಹೋಗುವುದು ಹೆಚ್ಚಾಯಿತೆಂದೇ 1983ರಲ್ಲಿ ಅಪಾಯಕರ ಯಂತ್ರಗಳ ಕಾಯಿದೆ ಬಂದಿತು. ನಮ್ಮ ಮನೆಯ ಯಂತ್ರವನ್ನು ನೋಡಲು ಯಾವ ಅಧಿಕಾರಿಯೂ ಬರುವುದಿಲ್ಲ, ನಾವೇ ನೋಡಿಕೊಳ್ಳಬೇಕು. ಅಲಗಿನ ನಡುವೆ ಕಂಟಿ ಸಿಕ್ಕಿಕೊಂಡಾಗ ಲಿವರು ಬಿಟ್ಟೆನೆಂದು ಕೈ ಹಾಕಬೇಡಿ. ಎಂಜಿನ್ನು ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿ, ಆಮೇಲೆ ಲಿವರನ್ನು ಆ ಕಡೆ ಈ ಕಡೆ ಎರಡು ಸಲ ಆಡಿಸಿ. ಹೋಸಿನಲ್ಲಿ ಉಳಿದ ಒತ್ತಡ ಇಳಿಯುತ್ತದೆ. ಇಳಿಸದೆ ಕಂಟಿ ಎಳೆದರೆ ಬಿಡುಗಡೆಯಾದ ಅಲಗು ಒಂದು ಜಿಗಿತ ಜಿಗಿಯುತ್ತದೆ. ಆ ಒಂದು ಜಿಗಿತ ಸಾಕು. ಎಂಜಿನ್ನು ನಿಂತಿದ್ದರೂ ಕೈಯಿಂದ ಎಳೆಯದೆ ಕಬ್ಬಿಣದ ಕೊಕ್ಕೆಯಿಂದಲೇ ಎಳೆಯಿರಿ. ಹೋಸುಗಳು ಚಾಲಕನ ಕಾಲ ಬಳಿ ಹಾಯ್ದು ಹೋಗುವುದಾದರೆ ಅವುಗಳ ಮೇಲೆ ಹಳೆಯ ಅಗ್ನಿಶಾಮಕ ಕೊಳವೆಯ ಬಟ್ಟೆಯನ್ನಾಗಲಿ ದಪ್ಪ ಕ್ಯಾನ್‌ವಾಸನ್ನಾಗಲಿ ಹೊದಿಸಿ. ಹೋಸು ಮಾತ್ರ ಗುಜರಿಯದು ಬೇಡ. ಮೋಟಾರಿನಲ್ಲಿ ಉಳಿಸಿದ ದುಡ್ಡಿನಿಂದ ಹೊಸ ಹೋಸು ತನ್ನಿ.

ಇಷ್ಟೆಲ್ಲ ಕೇಳಿದ ಮೇಲೆ ನಿಮ್ಮಲ್ಲಿ ಎರಡು ಮೂರು ಎಕರೆಯವರು, “ನಮಗೇಕೆ ಈ ಉಸಾಬರಿ” ಎಂದರೆ ಅದೂ ಸರಿಯೇ. ಹತ್ತು ಮನೆಯವರು ಸೇರಿ ಒಂದು ಪಟ್ಟಿ ಮಾಡಿಸಿಕೊಳ್ಳಬಹುದು. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಏನೇನು ಸಿಗುತ್ತದೆಂದು ಮೊದಲು ವಿಚಾರಿಸಿಯೂ ನೋಡಬಹುದು. ಮಾಡಿಯೇ ತೀರುತ್ತೇವೆ ಎನ್ನುವವರಿಗೆ ನನ್ನ ಎರಡನೆಯ ಯಂತ್ರ ಶೆಡ್ಡಿನಲ್ಲಿದೆ, ಬಂದು ಬಿಚ್ಚಿ ನೋಡಿರಿ. ಈಗ ಅದನ್ನು ನಡೆಸುವವನು ಅದೇ ನನ್ನ ಹೆಂಡತಿಯ ತಮ್ಮ. ರಟ್ಟಿನ ತುಂಡೊಂದನ್ನು ಸೀಟಿನ ಕೆಳಗೆ ಸದಾ ಇಟ್ಟಿರುತ್ತಾನೆ. ಬರುವಾಗ ನಿಮ್ಮ ಟ್ರ್ಯಾಕ್ಟರಿನ ಆ ಎರಡು ಅಂಕಿಗಳನ್ನು, ಲೀಟರೆಷ್ಟು, ಬಾರೆಷ್ಟು ಎಂಬುದನ್ನು, ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಮೋಟಾರು ಯಾವುದೆಂದು ಅಲ್ಲಿಯೇ ಕುಳಿತು ಹೇಳುತ್ತೇನೆ.